ಅಣ್ಣನ ಗೆರೆ ಹಿಡಿದು ಹತ್ತಿದವಳು

ಗೇಟಿನಜ್ಜಿ ಅವಳನ್ನು ಮೊದಲು ನೋಡಿದ್ದು ಒಂದು ಭಾನುವಾರ, ಬೆಳಿಗ್ಗೆ ಏಳೂ ಹತ್ತಕ್ಕೆ. ಗಂಟೆ ನಿಮಿಷದ ವಿಷಯದಲ್ಲಿ ಅಜ್ಜಿ ತಪ್ಪುವವಳಲ್ಲ. ಬೆಟ್ಟದ ಬುಡದ ತಗಡಿನ ಗೂಡಿನಲ್ಲಿ ಕೂತು, ಹತ್ತುವವರು ಹೋದ ಹೊತ್ತು ಬಂದ ಹೊತ್ತು ಬರೆದಿಡುವುದೇ ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಮಾತ್ರ ಮುತ್ತಿನಂಥದ್ದು. ಹೆಸರನ್ನು ಬಂದವರೇ ಬರೆಯಬೇಕು.

ಬಂದವಳು ನಲವತ್ತು ದಾಟಿದ ಹೆಂಗಸು. ಪೇಟೆಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಉಜ್ಜಿ ಉಜ್ಜಿ ಹೆಬ್ಬೆರಳು ಎಷ್ಟು ನುಣ್ಣಗಾಗಿತ್ತೆಂದರೆ, ಅವಳ ಫೋನು ಆ ಬೆರಳನ್ನು ಗುರುತೇ ಹಿಡಿಯುತ್ತಿರಲಿಲ್ಲ. ಅಜ್ಜಿ ಅವಳಿಗೆ ಕನ್ನಡಕದವಳು ಎಂದೇ ಹೆಸರಿಟ್ಟಳು. ಅವಳು ಅಂದು ಅಜ್ಜಿಯ ಮುಖ ನೋಡಲಿಲ್ಲ, ಬೆಟ್ಟವನ್ನೂ ನೋಡಲಿಲ್ಲ. ಫೋನಿನೊಳಗಿನ ಚುಕ್ಕಿಯನ್ನೇ ನೋಡುತ್ತ, ತುಂಬಿದ ಎಣ್ಣೆ ಬಟ್ಟಲು ಹಿಡಿದವಳ ಹಾಗೆ ಹೆಜ್ಜೆ ಇಟ್ಟು ಹೊರಟಳು.

ಸಂಜೆ ನಾಲ್ಕೂಕಾಲಿಗೆ ಇಳಿದಾಗ ಮೊಣಕೈವರೆಗೂ ಮುಳ್ಳು ಗೀರಿತ್ತು. ಕಾಲ್ದಾರಿ ಬಿಟ್ಟು ಪೊದೆಗೆ ಯಾಕಮ್ಮ ನುಗ್ಗಿದೆ ಎಂದು ಅಜ್ಜಿ ಕೇಳಿದಳು.

"ದಾರಿ ಪಕ್ಕದಲ್ಲೇ ಇತ್ತು ಅಜ್ಜಿ. ಆದ್ರೆ ಅವನು ಪೊದೆಯೊಳಗೆ ಹೋಗಿದ್ನಲ್ಲ."

ಅವನು ಯಾರು ಎಂದು ಅಜ್ಜಿ ಕೆದಕಲಿಲ್ಲ. ಕೆದಕದೆ ಇದ್ದದ್ದಕ್ಕೇ ಇರಬೇಕು, ಮೂರನೇ ಭಾನುವಾರ ಅವಳೇ ಗೂಡಿನ ಮುಂದಿನ ಬೆಂಚಿನಲ್ಲಿ ಕೂತು ಹೇಳಿದಳು.

ಅವನೆಂದರೆ ಅವಳ ಅಣ್ಣ. ಅಪ್ಪ ಆಸ್ಪತ್ರೆ ಸೇರಿದಾಗ, ಇಷ್ಟಕ್ಕೆಲ್ಲ ಅವನಿಗೇಕೆ ಗಾಬರಿ ಎಂದು ಇವಳು ತಿಳಿಸಿರಲಿಲ್ಲ. ನಾಲ್ಕನೇ ದಿನ ತಿಳಿಸುವ ಹೊತ್ತಿಗೆ ಅಪ್ಪ ಇರಲಿಲ್ಲ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಹೋದವನು ಎಂಟು ವರ್ಷದಿಂದ ನೋಡಿಲ್ಲ. ಇರುವುದು ಅದೇ ಪೇಟೆಯಲ್ಲಿ, ಎರಡು ಬಸ್ಸಿನ ದೂರದಲ್ಲಿ. ಆದರೆ ಅವನು ಬೆಟ್ಟದಲ್ಲಿ ನಡೆದ ದಾರಿಯನ್ನು ಅವನ ಫೋನು ಗೆರೆ ಎಳೆದು ಇಟ್ಟುಕೊಳ್ಳುತ್ತದೆ. ಅದನ್ನವನು ಯಾರು ಬೇಕಾದರೂ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕುತ್ತಾನೆ. ಮೇಲೆ ಸಿಗ್ನಲ್ ಸಿಗದ ಕಾರಣ ಇವಳು ಮನೆಯಲ್ಲೇ ಆ ಗೆರೆಯನ್ನು ಮ್ಯಾಪಿನ ಸಮೇತ ಇಳಿಸಿಕೊಂಡು, ಭಾನುವಾರ ಅದರ ಮೇಲೆ ಕಾಲಿಡುತ್ತಾಳೆ. ಅಣ್ಣ ತಪ್ಪಿದ ಕಡೆ ತಾನೂ ತಪ್ಪುತ್ತಾಳೆ.

ಒಮ್ಮೆ ಗೆರೆ ದೊಡ್ಡ ಬಂಡೆಯ ಹಿಂದೆ ಹತ್ತು ಹೆಜ್ಜೆ ಹೋಗಿ ವಾಪಸ್ ಬಂದಿತ್ತಂತೆ. ಅಲ್ಲಿಗೂ ಹೋಗಿ ನೋಡಿದಳಂತೆ, ಏನೂ ಇರಲಿಲ್ಲವಂತೆ.

"ಗಂಡಸರು ಬಂಡೆ ಹಿಂದೆ ಹೋಗೋದು ಏನಾದ್ರೂ ನೋಡೋಕಲ್ಲ ಕಣಮ್ಮ," ಎಂದಳು ಅಜ್ಜಿ.

ಕನ್ನಡಕದವಳು ನಕ್ಕಿದ್ದನ್ನು ಅಜ್ಜಿ ಅವತ್ತೇ ಮೊದಲು ನೋಡಿದ್ದು.

ಅಣ್ಣ ಕೂತಲ್ಲೆಲ್ಲ ಗೆರೆ ಸಿಕ್ಕು ನೂಲಿನ ಹಾಗೆ ಗಂಟಾಗಿರುತ್ತಿತ್ತು. ಮನುಷ್ಯ ಕೂತರೂ ಫೋನು ಸುಮ್ಮನಿರದೆ ಅತ್ತಿತ್ತ ತಡಕಾಡುತ್ತದಂತೆ. ಗಂಟು ಬಂದಲ್ಲಿ ಅವಳೂ ಕೂರುತ್ತಿದ್ದಳು, ಅವನು ಕೂತಷ್ಟೇ ಹೊತ್ತು. ಯಾವ ಕಲ್ಲಿನ ಮೇಲೆ ಕೂತಿದ್ದನೆಂದು ಮಾತ್ರ ಫೋನು ಹೇಳುತ್ತಿರಲಿಲ್ಲ. ಅದಕ್ಕೇ ಸುತ್ತಲಿನ ನಾಲ್ಕೈದು ಕಲ್ಲುಗಳ ಮೇಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದಳು.

ಅಣ್ಣನ ಗೆರೆಗಳು ಯಾವ ದಿನ, ಯಾವ ಹೊತ್ತಿಗೆ ಶುರುವಾಗುತ್ತವೆ ಎಂದು ಕೇಳಿಕೊಂಡು ಅಜ್ಜಿ ಪುಸ್ತಕ ತಿರುವಿದಳು. ಪ್ರತಿ ಗುರುವಾರ, ಆರೂ ನಲವತ್ತು. ಚೌಕಳಿ ಟೋಪಿ ಹಾಕಿ ಒಬ್ಬನೇ ಬರುವ ಉದ್ದ ಮನುಷ್ಯ, ಅಜ್ಜಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಗುರುವಾರ ಬಾ ಎಂದಳು. ಗುರುವಾರ ಅಂಗಡಿ ಇರುತ್ತದೆ ಎಂದಳು ಕನ್ನಡಕದವಳು. ಅಂಗಡಿಗೆ ಒಂದು ದಿನ ರಜೆ ಹಾಕಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಮುಖ ತಿರುಗಿಸಿ ಹೋದರೆ ಇರುವ ಗೆರೆಯೂ ಕೈತಪ್ಪುತ್ತದಲ್ಲ ಎಂಬುದು ಅವಳ ಭಯ.

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಗೆರೆ ಗಿಡ್ಡವಾಗತೊಡಗಿತು. ತುದಿಯವರೆಗೆ ಹೋಗುತ್ತಿದ್ದದ್ದು ನೀರಿನ ಹೊಂಡಕ್ಕೇ ನಿಂತಿತು, ಆಮೇಲೆ ಎರಡನೇ ತಿರುವಿಗೆ. ದಾರಿ ಕಮ್ಮಿ, ಗಂಟು ಜಾಸ್ತಿ. ಅಣ್ಣನಿಗೆ ಮೇಲುಸಿರು ಬರುತ್ತದಾ ಎಂದು ಕನ್ನಡಕದವಳು ಕೇಳಿದಳು. ಅಜ್ಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೋದ ಗುರುವಾರ ಗೂಡಿನ ತಗಡು ಹಿಡಿದು ಆರು ನಿಮಿಷ ನಿಂತಿದ್ದ, ತುಟಿ ನೀಲಿಗಟ್ಟಿತ್ತು.

"ಇನ್ನೆಷ್ಟು ಸಲ ಬರ್ತಾನೋ ಕಾಣೆ. ಗೆರೆ ನಿಂತ್ಮೇಲೆ ಯಾವುದರ ಹಿಂದೆ ಹೋಗ್ತೀಯ ನೀನು?"

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಅಂದು ಹತ್ತಲಿಲ್ಲ.

ಮುಂದಿನ ಗುರುವಾರ ಆರಕ್ಕೇ ಬಂದು ಗೂಡಿನ ಬಾಗಿಲ ಹಿಂದೆ ಕೂತಳು. ಅಣ್ಣ ಬಂದದ್ದು ಆರೂ ಐವತ್ತೆರಡಕ್ಕೆ. ಹೆಸರು ಬರೆದ, ಬೂಟಿನ ಲಾಡಿ ಕಟ್ಟಲು ಬಗ್ಗಿದ, ಕಟ್ಟಲಾಗದೆ ಬೆಂಚಿನ ಮೇಲೆ ಕುಸಿದ. ತಂಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಫೋನು ಕೈಯಲ್ಲಿತ್ತು, ಆದರೆ ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಇವತ್ತಿನ ಗೆರೆ ಇನ್ನೂ ಬಿದ್ದಿರಲಿಲ್ಲ. ಅವನ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ತನಗೇ ಹೇಳಿಕೊಳ್ಳುವವಳ ಹಾಗೆ ಅಂದಳು.

ಅಣ್ಣ ಎದ್ದ. ಗೇಟು ದಾಟಿ, ಒಂದೊಂದೇ ಹೆಜ್ಜೆ ಇಡುತ್ತ ಮೊದಲ ತಿರುವಿನತ್ತ ಹೊರಟ. ಕನ್ನಡಕದವಳೂ ಎದ್ದು ಬಾಗಿಲಿಗೆ ಬಂದಳು. ಫೋನಿನ ಚುಕ್ಕಿಯನ್ನೇ ನೋಡುತ್ತ ಎಪ್ಪತ್ತು ಸಲವಾದರೂ ಅವಳು ಹತ್ತಿ ಇಳಿದ ದಾರಿ ಅದು. ಹೊಸ್ತಿಲ ಮೇಲೆ ನಿಂತು, ಅಣ್ಣನ ಬೆನ್ನಿನಿಂದ ಕಣ್ಣು ತೆಗೆಯದೆ ಕೇಳಿದಳು:

"ಅಜ್ಜಿ, ಮೇಲೆ ಆ ದಾರೀಲಿ ಇಬ್ರು ಪಕ್ಕಪಕ್ಕ ನಡಿಯೋಷ್ಟು ಜಾಗ ಇದೆಯಾ?"