ಬೆಳ್ಳಿ ಕಡ್ಡಿಯ ಹೊಗೆ

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ವೆಲ್ಡಿಂಗ್ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೂ ತೆಳ್ಳಗಿನ ಕಬ್ಬಿಣ ಕೂಡಿಸುವುದಿದ್ದರೆ ಜನ ಗಡಿಗೆಪ್ಪನನ್ನೇ ಕೇಳಿಕೊಂಡು ಬರುತ್ತಿದ್ದರು. ವೆಲ್ಡಿಂಗಿನವರು ತೆಳು ಪೈಪಿಗೆ ತೂತು ಮಾಡಿ, ಕಾಸು ಎಣಿಸಿಕೊಂಡು, ಮುಖ ತಿರುಗಿಸುತ್ತಾರೆ. ಗಡಿಗೆಪ್ಪ ಗ್ಯಾಸಿನ ಉರಿಗೆ ಹಿತ್ತಾಳೆ ಕಡ್ಡಿ ಹಿಡಿದು, ಬೆಸುಗೆ ಹಿಡಿಯಲೆಂದು ಬಿಳಿಗಾರದ ಪುಡಿ ಉದುರಿಸಿ, ಕರಗಿದ್ದನ್ನು ಸಂದಿನೊಳಗೆ ಇಳಿಸುತ್ತಿದ್ದ. ಹಮ್ಮು ಸ್ವಲ್ಪ ಜಾಸ್ತಿಯೇ ಇತ್ತು, ಕೈಗುಣವೂ ಇತ್ತು.

ಕೆಲಸ ಕಲಿಸಿದ ಉಸ್ತಾದ ಗುಲಾಮ್ ದಸ್ತಗೀರ್ ತೀರಿಹೋಗಿ ಬಹಳ ವರ್ಷವಾಗಿತ್ತು. ಆತ ಹೇಳಿದ ಎರಡು ಮಾತನ್ನು ಗಡಿಗೆಪ್ಪ ಎಂದೂ ಮೀರಿರಲಿಲ್ಲ. ಉರಿ ಹಚ್ಚಿದಾಗ ಫ್ಯಾನ್ ಬಂದ್ ಮಾಡಿ ಶಟರ್ ಇಳಿಸಬೇಕು, ಗಾಳಿಗೆ ಉರಿ ಅಲುಗಬಾರದು. ಹಿತ್ತಾಳೆ ಹೊಗೆ ಕುಡಿದು ಸಂಜೆ ಚಳಿಜ್ವರ ಬಂದರೆ ಬೆಲ್ಲದ ಹಾಲು ಕುಡಿದು ಮಲಗಬೇಕು, ಬೆಳಗಾಗುವುದರೊಳಗೆ ಇಳಿಯುತ್ತದೆ. ಈ ಎರಡನೆಯ ಮಾತು ಇಪ್ಪತ್ತು ವರ್ಷ ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದೇ ಅವನ ದುರದೃಷ್ಟ.

ಕಳೆದ ಏಪ್ರಿಲ್‌ನಲ್ಲಿ ದೇವದುರ್ಗದ ವ್ಯಾಪಾರಿ ವಿರೂಪಣ್ಣ ಇನ್ನೂರು ಪೈಪು ತಂದು ಸುರಿದ. ಹತ್ತಿಗೆ ಔಷಧ ಹೊಡೆಯುವ ಪಂಪಿನ ಪೈಪುಗಳು. ಒಂದೊಂದರ ತುದಿಗೂ ಒಂದು ನಟ್ ಕೂಡಿಸಬೇಕು, ಒತ್ತಡಕ್ಕೆ ಸೋರಬಾರದು. ಗಡಿಗೆಪ್ಪ ಮೊದಲು ತವರದಿಂದ ಬೆಸೆದು ನೋಡಿದ. ನೀರು ಬಿಟ್ಟ ಕೂಡಲೇ ನಟ್ ಕಿತ್ತುಕೊಂಡು ಹಾರಿತು. ಹಿತ್ತಾಳೆ ಹಾಕಿದರೆ ಆ ಕಾವಿಗೆ ಪೈಪೇ ಸೊಟ್ಟಗಾಯಿತು. ಕೊನೆಗೆ ರಾಯಚೂರಿಗೆ ಹೋಗಿ, ಕಡಿಮೆ ಕಾವಿಗೆ ಕರಗುವ ಬೆಳ್ಳಿ ಕಡ್ಡಿಯ ಒಂದು ಕಟ್ಟು ತಂದ. ಅದರಲ್ಲಿ ಬೆಳ್ಳಿ ಇದ್ದದ್ದು ಅಷ್ಟಕ್ಕಷ್ಟೇ. ಉಳಿದದ್ದು ಏನೆಂದು ಮಾರಿದವನು ಹೇಳಲಿಲ್ಲ, ಕೊಂಡವನು ಕೇಳಲಿಲ್ಲ. ಬೆಸುಗೆ ಮಾತ್ರ ಎಣ್ಣೆಯಂತೆ ಹರಿದು ಕೂತಿತು.

ಉರಿ ಹಿಡಿದವನು ತಮ್ಮ ತಿರುಪತಿ. ಮೂವತ್ತೆರಡರ ಗಟ್ಟಿ ಆಳು, ಅಣ್ಣ ಹಾಕಿದ ಗೆರೆ ದಾಟದವನು. ಗಡಿಗೆಪ್ಪ ಹೊರಗೆ ಬೇವಿನ ನೆರಳಲ್ಲಿ ಕುಳಿತು ಪೈಪಿನ ತುದಿ ಉಜ್ಜಿ ಉಜ್ಜಿ ಶಟರಿನ ಅಡಿಯ ಸಂದಿನಿಂದ ಒಳಗೆ ಕೊಡುತ್ತಿದ್ದ. ಒಳಗೆ ಫ್ಯಾನ್ ಬಂದ್, ಶಟರ್ ಕೆಳಗೆ.

"ಅಣ್ಣಾ, ಹೊಗಿ ಹಳದಿ ಬರಾಕತ್ತದ" ಎಂದ ತಿರುಪತಿ, ಮಧ್ಯಾಹ್ನದ ಹೊತ್ತಿಗೆ.

"ಕಡ್ಡಿ ಬ್ಯಾರೆ, ಹೊಗಿನೂ ಬ್ಯಾರೆ. ನೀ ಕೆಲಸ ನೋಡಲೇ" ಎಂದ ಗಡಿಗೆಪ್ಪ.

ಸಂಜೆ ತಿರುಪತಿಗೆ ಚಳಿ ಹತ್ತಿತು, ಕೆಮ್ಮು ಶುರುವಾಯಿತು. ಅವನ ಹೆಂಡತಿ ರೇಣುಕಮ್ಮ ಭಾವನ ಎದುರು ನಿಂತು ಮಾತಾಡಿದವಳಲ್ಲ. ಹೇಳುವುದಿದ್ದರೆ ಗಡಿಗೆಪ್ಪನ ಹೆಂಡತಿ ಬೂದೆಮ್ಮನ ಬಾಯಿಂದ ಹೇಳಿಸುತ್ತಿದ್ದಳು. ಅವತ್ತು ತಲೆಯ ಮೇಲೆ ಸೆರಗು ಎಳೆದುಕೊಂಡು ತಾನೇ ಬಂದು ನಿಂತಳು.

"ಭಾವಾರ, ಎದಿ ಹಿಡಕೊಂಡು ಕುಂತಾರ. ರಾಯಚೂರಿಗೆ ಒಯ್ಯೂಣ್ರಿ."

"ಹೊಗಿ ಜ್ವರ ಅದು, ತಂಗಿ. ನನಗ ಎಷ್ಟ್ ಸಲ ಬಂದಿಲ್ಲ? ಬೆಲ್ಲ ಹಾಕಿ ಹಾಲು ಕೊಡು. ಮುಂಜಾನಿ ಎದ್ದು ಕುಂಡ್ರತಾನ."

ಮುಂಜಾನೆ ತಿರುಪತಿ ಎದ್ದು ಕುಳಿತದ್ದೇನೋ ನಿಜ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗಡಿಗೆಪ್ಪ ಇನ್ನೊಂದು ದಿನ ನೋಡೋಣವೆಂದ. ಮೂರನೆಯ ದಿನ ತಿರುಪತಿಯ ತುಟಿ ಕಪ್ಪಾಯಿತು. ಗಡಿಗೆಪ್ಪ ಸಿಕ್ಕ ಜೀಪು ಹಿಡಿದು ರಾಯಚೂರಿಗೆ ಓಡಿಸಿದ.

ಆಸ್ಪತ್ರೆಯ ಡಾಕ್ಟರು, ಏನು ಸುಟ್ಟಿರಿ ಎಂದು ಕೇಳಿದರು. ಗಡಿಗೆಪ್ಪ ಕಿಸೆಯಿಂದ ಕಡ್ಡಿಯ ಕಟ್ಟಿಗೆ ಸುತ್ತಿದ್ದ ಇಂಗ್ಲಿಷ್ ಕಾಗದ ತೆಗೆದು ಕೊಟ್ಟ. ಓದಿ ಅವರು ಅವನನ್ನು ಪಕ್ಕಕ್ಕೆ ಕರೆದರು.

"ಇದರಾಗ ಕ್ಯಾಡ್ಮಿಯಂ ಅದ. ಹಿತ್ತಾಳಿ ಹೊಗಿ ಜ್ವರ ಒಂದಿನಕ್ಕ ಹೋಗ್ತದ, ಇದು ಪುಪ್ಪುಸ ಸುಡ್ತದ. ಮೊದಲನೇ ದಿನ ಎರಡೂ ಒಂದೇ ಥರ ಕಾಣ್ತಾವ. ಅವತ್ತೇ ತಂದಿದ್ರ ಏನಾರ ಮಾಡಬಹುದಿತ್ತು."

ಐದನೆಯ ದಿನ ತಿರುಪತಿ ಹೋದ. ಊರವರು ಹಣೆಬರಹವೆಂದರು, ಸಾಯುವ ವಯಸ್ಸಲ್ಲವೆಂದರು. ಗಡಿಗೆಪ್ಪನನ್ನು ಯಾರೂ ಏನೂ ಅನ್ನಲಿಲ್ಲ. ಯಾರಾದರೂ ಕೊರಳಪಟ್ಟಿ ಹಿಡಿದು ಎರಡು ಬಾರಿಸಿದ್ದರೆ ಅಳಬಹುದಿತ್ತು. ಅದೂ ದಕ್ಕಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವನೇ ರೇಣುಕಮ್ಮನ ಬಾಗಿಲಿಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ಕಡ್ಡಿ ತಂದಾವ ನಾನು. ಹೊಗಿ ಹಳದಿ ಅಂದ್ರೂ ಕೇಳದಾವ ನಾನು. ನೀ ಒಯ್ಯೂಣು ಅಂದಿ, ಬ್ಯಾಡಂದಾವನೂ ನಾನು. ಬೈಯವ್ವಾ."

ರೇಣುಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲಿಗೆ ಬಂದಳು.

"ಅವತ್ತು ರಾತ್ರಿ ಹಾಲು ಕುಡದ ಮ್ಯಾಲ ಅವ್ರು, ಜೀವ ನಿಲ್ಲವಲ್ದು, ಆಟೋ ಕರಿ ಅಂದಿದ್ರು ಭಾವಾರ" ಎಂದಳು. "ನಿಮ್ಮಣ್ಣಗ ಎಲ್ಲಾ ಗೊತ್ತದ, ಸುಮ್ಮಕ ಮಲಕ್ಕೋರಿ ಅಂತ ಅವ್ರಿಗೆ ನಾನಽ ಹೇಳಿದ್ನಿ."