ಒಂದೇ ಊರಿನ ಎರಡು ವೈರು

ಇವತ್ತು ಮಧ್ಯಾಹ್ನ ರಬಕವಿಯ ನನ್ನ ಬಾಡಿಗೆ ಮನೆಗೆ ಒಂದೇ ಹೊತ್ತಿಗೆ ಎರಡು ಕಂಪನಿಯವರು ಇಂಟರ್ನೆಟ್ ವೈರು ಹೊತ್ತು ಬಂದರು, ಗೆಳೆಯರೇ. ವರ್ಗವಾಗಿ ಬಂದಾಗಿನಿಂದ ಒಂದು ಕಂಪನಿ "ನಾಳಿ ಬರ್ತೇವ್ರಿ" ಎನ್ನುತ್ತಲೇ ಇತ್ತು. ಬೇಸತ್ತು ಇನ್ನೊಂದಕ್ಕೂ ಹೇಳಿದ್ದೆ. ಅದೂ ಹಾಗೇ ಅನ್ನುತ್ತಿತ್ತು.

ಈಗ ಇಬ್ಬರೂ ಜಗಳಕ್ಕೆ ಬೀಳುತ್ತಾರೆ ಎಂದುಕೊಂಡೆ. ನೋಡಿದರೆ ಇಬ್ಬರೂ ಹಿಪ್ಪರಗಿಯವರು, ಒಂದೇ ಶಾಲೆಯಲ್ಲಿ ಕಲಿತ ಗೆಳೆಯರು.

"ನೀ ಹಾಕಲೇ, ನಿನಗ ಮದಲ ಹೇಳ್ಯಾರ."

"ಹೇಳಿದ್ರೇನಾತು? ನೀ ಬಂದೀಯಲ್ಲ. ನಿನ್ನ ಗಿರಾಕಿನ್ನ ನಾ ಹೆಂಗ ಕಸ್ಕೊಳ್ಳಲಿ?"

"ಯಾರರ ಒಬ್ಬರು ಹಾಕ್ರೆಪಾ" ಎಂದು ನಾನು ಚಹಾಕ್ಕಿಟ್ಟೆ. ಈ ಮನೆಯಲ್ಲಿ ನನ್ನದಲ್ಲದ ದನಿ ಕೇಳಿ ಬಹಳ ದಿನವಾಗಿತ್ತು. ಕಬ್ಬು, ಯಾರದೋ ಮದುವೆ, ಬಿದ್ದುಹೋದ ಶಾಲೆಯ ಗೋಡೆ, ಏನೇನೋ ಮಾತಾಡಿದರು. ಒಲೆ ಆರಿಸಿದ ಮೇಲೂ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿದೆ.

ಚಹಾ ಮುಗಿಯಿತು. "ನೀವಽ ವಿಚಾರ ಮಾಡಿ ಒಬ್ಬರಿಗೆ ಹೇಳ್ರಿ ಅಕ್ಕಾರ" ಎಂದು ಇಬ್ಬರೂ ವೈರು ಸುತ್ತಿಕೊಂಡು ಹೋದರು.

ಸಂಜೆ ಮೂರನೆಯ ಕಂಪನಿಗೂ ಫೋನ್ ಮಾಡಿದೆ. "ನಾಳಿ ಬರ್ತೇವ್ರಿ" ಎಂದಿದ್ದಾರೆ. ಅವರೂ ಹಿಪ್ಪರಗಿಯವರೇ ಆಗಿರಲಿ. ಸಕ್ಕರೆ, ಚಹಾಪುಡಿ ತಂದಿಟ್ಟಿದ್ದೇನೆ.