ಗಾಳಿ ಕುಡಿಯುವ ಇಂಜಿನ್

ಇಲ್ಲ, ಚೌಡಾಪುರದಲ್ಲಿ ನಾವು ನಿಂತದ್ದು ಚಹಾಕ್ಕಾಗಿ ಅಲ್ಲವೇನೋ. ಅವ್ವ ಮುಖ ತೊಳೆಯಬೇಕು ಎಂದಿರಬೇಕು. ಅಥವಾ ಹೊಸದಾಗಿ ಕಟ್ಟಿದ ಇಂಜಿನ್ನಿಗೆ ತುಸು ವಿಶ್ರಾಂತಿ ಕೊಡಲು ಅಪ್ಪನೇ ಗಾಡಿ ನಿಲ್ಲಿಸಿರಬೇಕು. ಇಷ್ಟು ವರ್ಷ ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಹೇಳಿದಷ್ಟು ಸಲ ನುಣುಪಾಗಿದೆ. ನುಣುಪಾದಷ್ಟೂ ನನಗೆ ಅದರ ಮೇಲಿನ ನಂಬಿಕೆ ಹೋಗಿದೆ. ಖಾತ್ರಿ ಇರುವುದು ಇಷ್ಟೇ: ಶಾಲೆಗೆ ಬೇಸಿಗೆ ರಜೆ ಬಿಟ್ಟಿತ್ತು. ಅಪ್ಪ, ಅವ್ವ, ನಾನು ಅಫಜಲಪುರದಿಂದ ಜೇವರ್ಗಿಗೆ ಹೊರಟಿದ್ದೆವು. ಅಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಲಕ್ವಾ ಹೊಡೆದು ಮಲಗಿದ್ದಳು. ಅವಳ ಮಾತು ಪೂರ್ತಿ ನಿಲ್ಲುವುದರೊಳಗೆ ಅವ್ವ ಹೋಗಿ ಅವಳ ಮುಂದೆ ಕೂರಬೇಕಿತ್ತು.

ಅಪ್ಪ ಸರ್ಕಾರಿ ಬಸ್ಸುಗಳ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾಗಿದ್ದ. ಅವ್ವನಿಗೆ ಬಸ್ಸು ಆಗುತ್ತಿರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಬಸ್ಸು ಊರು ದಾಟುವ ಮೊದಲೇ ವಾಂತಿ. ಓಣಿಯ ಹೆಂಗಸರಿಗೆ ಇದೊಂದು ನಗೆಯ ಮಾತು.

"ತಾಲೂಕಿನ ಬಸ್ಸೆಲ್ಲ ರಿಪೇರಿ ಮಾಡಿದ ಗಂಡಸು, ಮನೀ ಹೆಂಗಸಿಗಿ ಒಂದ್ ಬಸ್ ಹತ್ತಸಾಕ ಆಗಲಿಲ್ಲ ನೋಡವ್ವ!"

ಅವ್ವ ಅವರ ಜೊತೆಗೇ ನಗುತ್ತಿದ್ದಳು. ಆದರೆ ಅಕ್ಕನನ್ನು ನೋಡಲು ಹೋಗುವುದು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಆಗಿಬಿಟ್ಟಿತ್ತು.

ಕಾರು ಸಿಕ್ಕಿದ್ದು ಆಳಂದದಲ್ಲಿ, ಅಪ್ಪನ ಪರಿಚಯದ ಮುದಿ ವಕೀಲರೊಬ್ಬರ ಹಿತ್ತಲಿನಲ್ಲಿ, ಜೋಳದ ಕಣಿಕೆಯ ಅಡಿ. ಪ್ರಾಯದಲ್ಲಿ ಅವರು ಹೈದರಾಬಾದಿನಿಂದ ತಂದ ಪರದೇಶಿ ಗಾಡಿ. ಎರಡೇ ಬಾಗಿಲು, ನೆಲಕ್ಕೆ ಅಂಟಿದಂತೆ ತಗ್ಗು, ಓಟಕ್ಕೆಂದೇ ಮಾಡಿದ್ದು. ಕೆಂಪು ಬಣ್ಣ ಎಂದು ಬರೆಯಹೊರಟಿದ್ದೆ. ಅವ್ವ ಯಾವಾಗಲೂ ಬೂದಿ ಬಣ್ಣ ಎನ್ನುತ್ತಿದ್ದಳು. ಬಣ್ಣ ಬಿಟ್ಟುಬಿಡುತ್ತೇನೆ. ಅದರೊಳಗೆ ಕೋಳಿಗಳು ಕಾವಿಗೆ ಕೂತಿದ್ದವು.

"ಒಯ್ರಿ ಮಿಸ್ತ್ರಿ, ಕೋಳಿ ಬಿಟ್ಟು ಬಾಕಿದೆಲ್ಲ ನಿಮ್ದೇ" ಎಂದರಂತೆ ವಕೀಲರು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು. ಇಂಜಿನ್ ಇದ್ದದ್ದು ಹಿಂದೆ, ಅದರ ಮುಚ್ಚಳಕ್ಕೆ ಜಾಳಿಗೆಯಂಥ ಕಿಂಡಿ. ರೇಡಿಯೇಟರ್ ಇಲ್ಲ, ನೀರು ಹೊಯ್ಯುವ ಬಾಯಿಯೇ ಇಲ್ಲ. ಆ ಕಿಂಡಿಯಿಂದ ಒಳಗಿನ ಫ್ಯಾನು ಗಾಳಿ ಎಳೆದುಕೊಂಡು ಇಂಜಿನ್ನಿನ ಮೈಮೇಲೆ ಊದುತ್ತದೆ, ಅದು ಹಾಗೆಯೇ ತಣ್ಣಗಾಗುತ್ತದೆ. ಮಗಳನ್ನು ತಂಗಿ ಎಂದೇ ಕರೆಯುತ್ತಿದ್ದ ಅಪ್ಪ ಇದನ್ನು ನನಗೆ ಎಷ್ಟು ಸಲ ಹೇಳಿದ್ದನೋ. "ಇದು ನೀರ್ ಕುಡಿಯೂದಲ್ಲ ತಂಗಿ, ಗಾಳಿ ಕುಡಿಯೂದು."

ಪಡಸಾಲೆಯೇ ಕಾರ್ಖಾನೆಯಾಯಿತು. ಇಂಜಿನ್ನನ್ನು ಬಿಚ್ಚಿ ತಾಡಪತ್ರಿಯ ಮೇಲೆ ಹರವಿದ. ನಾಲ್ಕು ಸಿಲಿಂಡರುಗಳು, ಕೈತುಂಬ ಬಳೆ ತೊಟ್ಟಂತೆ ಒಂದೊಂದರ ಸುತ್ತ ಕಬ್ಬಿಣದ ತೆಳು ಅಂಚುಗಳು. ಆ ಅಂಚುಗಳ ಸಂದಿನ ಮಣ್ಣನ್ನು ನಾನು ಹೇರ್‌ಪಿನ್ನಿನಿಂದ ಕೆರೆದು ತೆಗೆದೆ. ಅವ್ವನ ಪರಾತದಲ್ಲಿ ಸೀಮೆಎಣ್ಣೆ, ಅದರಲ್ಲಿ ನಟ್ಟು ಬೋಲ್ಟು. ಮಸಾಲೆ ಡಬ್ಬಿಯ ಖಾನೆಗಳಲ್ಲಿ ವಾಲ್ವುಗಳು, ಯಾವುದು ಯಾವ ಜಾಗದ್ದು ಎಂದು ತಪ್ಪದಂತೆ.

ಪಿಸ್ಟನ್ನಿನ ಪಿನ್ನು ಕೂರಬೇಕಾದರೆ ಪಿಸ್ಟನ್ ಬೆಚ್ಚಗಾಗಬೇಕಿತ್ತು. ಅಪ್ಪ ಒಲೆಯ ಕಡೆ ನೋಡಿದ. ಅವ್ವ ರೊಟ್ಟಿ ಹಂಚು ಏರಿಸಿ, ನಾಲ್ಕನ್ನೂ ಅದರ ಮೇಲೆ ಬೋರಲು ಹಾಕಿ, ಬೆರಳಿನಿಂದ ನೀರು ಚಿಮುಕಿಸಿ ಕಾವು ನೋಡಿದಳು.

"ಈಗ ತಗೋರಿ. ಇನ್ನ ಬಿಟ್ರ ಹೊತ್ತತಾವ."

ಪಿನ್ನು ಹೆಬ್ಬೆರಳ ಒತ್ತಿಗೇ ಒಳಗೆ ಹೋಯಿತು. ಅಪ್ಪ ಅವಳನ್ನು ನೋಡಿದ ರೀತಿ ನೆನಪಿದೆ. ಅದನ್ನೂ ನಾನೇ ಸೇರಿಸಿರಬಹುದು.

ನನ್ನ ಅಕ್ಷರ ದುಂಡಗಿದೆ ಎಂದು ಅಳತೆ ಬರೆದುಕೊಳ್ಳುವ ಕೆಲಸ ನನಗೆ ಬಂತು. ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಅಪ್ಪ ಹೇಳಿದಂತೆ ಬರೆದೆ. ಪಿಸ್ಟನ್ನಿಗೆ ಹಾಕುವ ರಿಂಗಿನ ಎರಡು ತುದಿಗಳ ನಡುವೆ ಸಂದು ಬಿಡಬೇಕು. ಕಾದಾಗ ರಿಂಗು ಉದ್ದವಾಗುತ್ತದೆ, ಸಂದು ಸಾಲದಿದ್ದರೆ ಸಿಲಿಂಡರನ್ನೇ ಕಚ್ಚುತ್ತದೆ. ಅಪ್ಪ ಪ್ರತಿಯೊಂದನ್ನೂ ಮೂರು ಸಲ ಅಳೆದ. ಮೂರು ಸಲವೂ ನಾನು ಬರೆದೆ.

ಜೇವರ್ಗಿಯಿಂದ ಸುದ್ದಿ ಬಂದಾಗ ರಿಂಗುಗಳಿನ್ನೂ ಸೊಲ್ಲಾಪುರದಿಂದ ಬಂದಿರಲಿಲ್ಲ. ದೊಡ್ಡವ್ವನ ಬಲಮಗ್ಗಲು ಬಿದ್ದುಹೋಗಿದೆ, ಮಾತು ತೊದಲುತ್ತದೆ, ತಂಗಿಯನ್ನು ಕೇಳುತ್ತಾಳೆ.

"ಎಂಟ್ ದಿನ ತಡಿ" ಎಂದ ಅಪ್ಪ. "ವಾಂತಿ ಮಾಡ್ಕೋತ ಹೋಗಬ್ಯಾಡ. ಆರಾಮ ಕುಂತು ಹೋಗೂವಂತಿ."

ಎಂಟು ದಿನ ಹದಿನೈದಾಯಿತು. ಬಸ್ಸಿನಲ್ಲಿ ನಾನು ಕರೆದುಕೊಂಡು ಹೋಗುತ್ತೇನೆ ಎಂದು ಅಡಿಗೆಮನೆಯಲ್ಲಿ ಮೆಲ್ಲಗೆ ಹೇಳಿದೆ.

"ಸುಮ್ಕಿರಬೇ" ಎಂದಳು ಅವ್ವ. "ನನ್ ಸಲುವಾಗಿ ಅವರು ಇಷ್ಟ್ ಒದ್ದಾಡಾಕತ್ತಾರ. ಈಗ ನಾ ಬಸ್ಸಿಗಿ ಹೋದ್ರ ಅವರಿಗಿ ಹ್ಯಾಂಗ ಆಗಬ್ಯಾಡ?"

ಮತ್ತೆ ಹದಿನೈದು ದಿನ. ಇಂಜಿನ್ ಮೊದಲ ಸಲ ಕೆಮ್ಮಿ, ನಡುಗಿ, ಓಡಿದಾಗ ಓಣಿಯೆಲ್ಲ ಕೂಡಿತ್ತು. ಅವ್ವ ಒಳಗೆ ಆಗಲೇ ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು.

ಈಗ ಮತ್ತೆ ಚೌಡಾಪುರ. ಬಿಸಿಲು ಏರಿತ್ತು. ಚಹಾದಂಗಡಿಯವನು ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ಕಾರಿನ ಸುತ್ತ ಒಂದು ಸುತ್ತು ಬಂದ.

"ನೀರ್ ಎಲ್ಲಿ ಹಾಕ್ತೀರಿ ಕಾಕಾ ಇದಕ್ಕ?"

"ನೀರ್ ಬ್ಯಾಡ ಇದಕ್ಕ. ಗಾಳಿ ಕುಡೀತದ."

"ಯಾ ಅಲ್ಲಾ! ನಮ್ ಕಡಿ ಗಾಳಿ ಅಂದ್ರ ಬೆಂಕಿ ಇದ್ದಂಗ ಅದ. ಅದನ್ ಕುಡದ್ರ ಇದು ಉಳೀತದೇನ್ರಿ?"

ಅಪ್ಪ ಜೋರಾಗಿ ನಕ್ಕ. ಅವ್ವ ನಗಲಿಲ್ಲ. ಆಗ ಬಸ್ಸೊಂದು ಬಂದು ನಿಂತಿತು. ಅದರ ಡ್ರೈವರ್ ಅಪ್ಪನ ಹಳೆಯ ಗೆಳೆಯ. "ಏನಲೇ, ಸಾಹೇಬ ಆಗೀಯಲ್ಲೊ!" ಎಂದು ಕೂಗಿ ಅಪ್ಪನನ್ನು ರಸ್ತೆಯ ಆಚೆ ಕರೆದೊಯ್ದ.

ನಮ್ಮ ಕಡೆ ಬೇಸಿಗೆಯಲ್ಲಿ ಕಾದದ್ದಕ್ಕೆಲ್ಲ ಒಂದೇ ಉಪಾಯ, ಒದ್ದೆ ಗೋಣಿಚೀಲ. ನೀರಿನ ಗಡಿಗೆಗೆ ಸುತ್ತುತ್ತೇವೆ, ಕಿಟಕಿಗೆ ಇಳಿಬಿಡುತ್ತೇವೆ, ಬುಟ್ಟಿಯ ವೀಳ್ಯದೆಲೆಯ ಮೇಲೆ ಹೊದಿಸುತ್ತೇವೆ. ನಮ್ಮ ಗಾಡಿಯಲ್ಲೂ ಕುಡಿಯುವ ನೀರಿನ ಗಡಿಗೆಗೆ ಒಂದು ಚೀಲ ಸುತ್ತಿತ್ತು. ಅವ್ವ ಅದನ್ನು ಬಿಚ್ಚಿದ್ದು ನೋಡಿದ್ದೇನೆ. ಅಂಗಡಿಯ ಹರವಿಯ ನೀರಿನಲ್ಲಿ ಅದ್ದಿದ್ದನ್ನೂ ನೋಡಿದ್ದೇನೆ. "ಪಾಪ, ಬೆಂಕಿ ಆಗ್ಯಾದ" ಎಂದು ಅವಳು ಇಂಜಿನ್ನಿನ ಮುಚ್ಚಳ ಮುಟ್ಟಿ ಹೇಳಿದ್ದು ಕಿವಿಯಲ್ಲಿದೆ.

ಮುಂದಿನ ನೆನಪಿನಲ್ಲಿ ಕೈಗಳಿವೆ, ಮುಖವಿಲ್ಲ. ಎರಡು ಕೈಗಳು ಆ ಕಿಂಡಿಯ ಮೇಲೆ ಚೀಲ ಹೊದಿಸಿ, ಗಾಳಿಗೆ ಹಾರದಂತೆ ಸುತಳಿಯಿಂದ ಬಿಗಿಯಾಗಿ ಕಟ್ಟುತ್ತವೆ.

ಅಪ್ಪ ಬಂದವನೇ ಬಂಡಿಯ ಎತ್ತನ್ನು ಚಪ್ಪರಿಸುವಂತೆ ಮುಂಭಾಗದ ಬಾನೆಟ್ಟಿಗೆ ಒಂದು ಸಲ ಬಡಿದು ಒಳಗೆ ಕೂತ. ಹಿಂದಿನ ಗಾಜಿಗೆ ಗಂಟುಮೂಟೆ ಅಡ್ಡ ಇತ್ತು, ಅವುಗಳ ನಡುವೆ ನಾನು. ಗುಲಬರ್ಗಾ ಇನ್ನೂ ಒಂದಿಷ್ಟು ದೂರ ಇರುವಾಗ ಕಮಟು ವಾಸನೆ ಬಂತು. ಆಮೇಲೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂಥ ಸದ್ದು. ಆಮೇಲೆ ಹಿಂದಿನ ಗಾಲಿಗಳು ತಟ್ಟನೆ ಬಿಗಿದುಕೊಂಡು ಗಾಡಿ ಹೊರಳಿ, ರಸ್ತೆಯ ಮಗ್ಗುಲಿನ ಬೇವಿನ ಗಿಡದ ಹತ್ತಿರ ನಿಂತುಬಿಟ್ಟಿತು.

ಅಪ್ಪ ಇಳಿದು ಹಿಂದಕ್ಕೆ ಹೋದ. ಎರಡೇ ಬಾಗಿಲಿನ ಗಾಡಿ. ಅವ್ವ ಇಳಿದು ಅವಳ ಸೀಟು ಮಡಚಿದ ಮೇಲೆಯೇ ನಾನು ಇಳಿಯಬೇಕು. ಅವ್ವ ಇಳಿಯಲು ಬಹಳ ಹೊತ್ತು ಮಾಡಿದಳು. ನಾನು ಹೊರಗೆ ಬಂದಾಗ ಕಿಂಡಿಯ ಮೇಲೆ ಏನೂ ಇರಲಿಲ್ಲ. ಅಪ್ಪ ಹೊಲದ ಬದುವಿನ ಕಡೆಯಿಂದ ಬರಿಗೈಯಲ್ಲಿ ನಡೆದು ಬರುತ್ತಿದ್ದ.

"ಇಂಜಿನ್ ಹಿಡ್ಕೊಂಡದ" ಎಂದ. "ನೀವ್ ಹೋಗ್ರಿ. ಬಸ್ ಬರ್ತದ."

ಬಸ್ಸು ಬಹಳ ಹೊತ್ತಿಗೆ ಬಂತು. ಅಪ್ಪ ಗಾಡಿಯ ಹತ್ತಿರವೇ ಉಳಿದ. ಆ ದಿನ ಅವ್ವ ವಾಂತಿ ಮಾಡಿಕೊಳ್ಳಲಿಲ್ಲ. ಗುಲಬರ್ಗಾದಲ್ಲಿ ಬಸ್ಸು ಬದಲಿಸಿದೆವು, ಭೀಮಾ ನದಿಯ ಸೇತುವೆ ದಾಟಿದೆವು, ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದು ಅವಳು ನೆಟ್ಟಗೆ ಕೂತೇ ಇದ್ದಳು. ಹೀಗೆ ಬಸ್ಸಿನಲ್ಲಿ ಬರುವುದು ತಿಂಗಳ ಹಿಂದೆಯೂ ಆಗುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆದಿತ್ತು.

ಜೇವರ್ಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದೊಡ್ಡವ್ವನ ಸೊಸೆ ಬಾಗಿಲಲ್ಲೇ ಅವ್ವನ ಕೈ ಹಿಡಿದಳು.

"ಮಧ್ಯಾಹ್ನದ ತನಕ ನಿಮ್ಮನ್ನೇ ಕೇಳಾಕತ್ತಿದ್ರು ಅತ್ತಿ. ಕಾರಿನ ಸಪ್ಪಳ ಬಂತೇನು ನೋಡು, ನೋಡು ಅಂದ್ರು. ಆಮ್ಯಾಲ ಮಾತ್ ನಿಂತವ್ರಿ."

ದೊಡ್ಡವ್ವನ ಕಣ್ಣು ತೆರೆದಿತ್ತು. ಅವ್ವ ಅದರೆದುರು ಮುಖವಿಟ್ಟು, "ಯಕ್ಕಾ, ನಾ ಬಂದೀನಿ ನೋಡ" ಎಂದಳು. ಕಣ್ಣು ಅವಳನ್ನು ದಾಟಿ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ಇನ್ನೂ ನಾಲ್ಕು ದಿನ ಹಾಗೇ ಇದ್ದಳು. ನಾಲ್ಕು ದಿನವೂ ಅವ್ವ ಅದೇ ಮಾತು ಹೇಳಿದಳು.

ದೊಡ್ಡವ್ವನ ಮಣ್ಣು ಮುಗಿಸಿ ನಾವು ಊರಿಗೆ ಬಂದ ಮೇಲೆ, ಮತ್ತೆ ಟ್ರ್ಯಾಕ್ಟರಿನಿಂದ ಎಳೆಸಿ ತಂದಿದ್ದ ಗಾಡಿಯ ಇಂಜಿನ್ನನ್ನು ಅಪ್ಪ ಇನ್ನೊಮ್ಮೆ ಬಿಚ್ಚಿದ. ಎರಡು ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕೇಳುವಂತೆ, ಯಾರೂ ಕೇಳದೆಯೇ, ಅಪ್ಪ ಹೇಳಿದ: "ರಿಂಗಿನ ಸಂದು ಕಮ್ಮಿ ಬಿಟ್ಟಿದ್ದೆ. ನಂದೇ ತಪ್ಪು."

ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ಸಂದು ಸರಿಯಾಗಿತ್ತು, ಮೂರು ಸಲ ಸರಿಯಾಗಿತ್ತು. ನಾನು ಅಪ್ಪನ ಮುಖ ನೋಡಿದೆ, ಅವನು ನನ್ನದು ನೋಡಲಿಲ್ಲ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು ಎಂದು ಮೊದಲೊಮ್ಮೆ ಬರೆದಿದ್ದೆ. ನಿಂತಿತೋ ಇಲ್ಲವೋ. ಮುಂದಿನ ಬೇಸಿಗೆ ಅವ್ವ ಗಡಿಗೆಗೆ ಚೀಲ ಸುತ್ತಲಿಲ್ಲ, ಅದು ನಿಜ. ಆದರೆ ಆ ವರ್ಷವೇ ಅಡಿಗೆಮನೆಗೆ ನೀರು ತಂಪಾಗಿಡುವ ಹೊಸ ಹೂಜಿಯೂ ಬಂದಿತ್ತು.

ಅಪ್ಪ ಮತ್ತೆ ಇಂಜಿನ್ ಜೋಡಿಸಲಿಲ್ಲ. ಸಾಯುವವರೆಗೂ ಅದು ಪಡಸಾಲೆಯ ಮಂಚದ ಕೆಳಗೆ ಬಿಡಿಬಿಡಿಯಾಗಿ ಬಿದ್ದಿತ್ತು. ಅವ್ವ ಅದರ ಸುತ್ತ ಕಸ ಹೊಡೆಯುತ್ತಿದ್ದಳು.

ನನ್ನ ಬೆರಳುಗಳಿಗೆ ಒದ್ದೆ ಸುತಳಿಯ ಒರಟು ಈಗಲೂ ಗೊತ್ತು. ಆದರೆ ಬೇಸಿಗೆಯ ಪ್ರತಿ ಮುಂಜಾನೆ ಗಡಿಗೆಗೆ ಚೀಲ ಕಟ್ಟುತ್ತಿದ್ದವಳು ನಾನೇ, ಆ ಒರಟು ಅಲ್ಲಿಯದೂ ಇರಬಹುದು. ಇಂಜಿನ್ ಗಾಳಿ ಕುಡಿಯುವುದು ಆ ಕಿಂಡಿಯಿಂದಲೇ ಎಂದು ಅವ್ವನಿಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದರು. ಕಟ್ಟಿದ್ದು ಅವ್ವನೇ ಆಗಿದ್ದರೂ ಪಕ್ಕದಲ್ಲಿ ನಿಂತು ನೋಡಿದವಳು ನಾನು. ಬೇಡ ಅನ್ನಲಿಲ್ಲ.

ಚೀಲ ಕಟ್ಟಿದವರು ಯಾರು ಎಂದು ನನಗೆ ಗೊತ್ತಿಲ್ಲ. ಅಪ್ಪ ಆ ಸುಳ್ಳು ಹೇಳಿದ್ದು ಅವಳಿಗಾಗಿಯೋ ನನಗಾಗಿಯೋ, ಅದೂ ಗೊತ್ತಿಲ್ಲ. ಇಬ್ಬರೂ ಬದುಕಿದ್ದಾಗ ನಾನು ಕೇಳಲಿಲ್ಲ.